ಸಡಿಲ ಮಾಡಿದ ಅರ್ತ್ ಬೋಲ್ಟ್

ಮೂವತ್ತೆಂಟು ವರ್ಷ ಕಟಪಾಡಿ ಪೇಟೆಯಲ್ಲಿ ಗಾಡಿಗಳ ವೈರಿಂಗ್ ಮಾಡಿದೆ. ಅಷ್ಟು ವರ್ಷಗಳಲ್ಲಿ ಎಷ್ಟು ಅರ್ತ್ ಬೋಲ್ಟುಗಳನ್ನು ಬಿಗಿದಿದ್ದೇನೋ ನನಗೇ ಗೊತ್ತಿಲ್ಲ. ಬೇಕೆಂದೇ ಸಡಿಲ ಮಾಡಿದ್ದು ಒಂದೇ ಒಂದನ್ನು. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಮನೆಗೆ ಬಂದು, "ವಾಸಣ್ಣ, ನಿಮ್ಮ ಅನುಭವ ಸ್ವಲ್ಪ ಹೇಳಿ" ಎನ್ನುತ್ತಾರೆ. ಅವರಿಗೆ ರಿಲೇ, ಫ್ಯೂಸು, ವೈರಿನ ದಪ್ಪ ಎಲ್ಲ ಹೇಳಿ ಕಳುಹಿಸುತ್ತಿದ್ದೆ. ಆ ಬೋಲ್ಟಿನ ವಿಷಯ ಮಾತ್ರ ನುಂಗಿಕೊಳ್ಳುತ್ತಿದ್ದೆ. ನಾನು ನುಂಗಿದ್ದರಿಂದ ಒಬ್ಬ ಹೆಂಗಸಿನ ಮಾತು ಆರು ವರ್ಷದಿಂದ ಸುಳ್ಳಾಗಿ ಉಳಿದಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಹಳೆಯ ಕಾರಿಗೆ ಹೊಸ ಹೆಡ್‌ಲೈಟ್ ಹಾಕುವುದೆಂದರೆ ಬಲ್ಬು ಬದಲಿಸುವುದಲ್ಲ. ಈಗ ಮೊಬೈಲಿನಲ್ಲಿ ವಿಡಿಯೋ ನೋಡಿ ಎಲ್ಲರೂ ಇಂಜಿನಿಯರುಗಳು. ಹಳೆಯ ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ಹೊರಟು ಸ್ಟೇರಿಂಗಿನ ಹತ್ತಿರದ ಸ್ವಿಚ್ಚಿಗೆ ಬಂದು, ಅಲ್ಲಿಂದ ತೆಳ್ಳಗಿನ ವೈರಿನಲ್ಲಿ ಮುಂದಕ್ಕೆ ಹೋಗುತ್ತದೆ. ಬಲ್ಬು ಮುಟ್ಟುವಾಗ ಅದಕ್ಕೆ ಜೀವವೇ ಇರುವುದಿಲ್ಲ. ಆದ್ದರಿಂದ ನಾವು ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಮಧ್ಯದಲ್ಲಿ ಫ್ಯೂಸು ಮತ್ತು ರಿಲೇ ಎಂಬ ಸಣ್ಣ ಪೆಟ್ಟಿಗೆ ಕೂರಿಸುತ್ತೇವೆ. ಹಳೆಯ ಸ್ವಿಚ್ಚು ರಿಲೇಯನ್ನು ಎಬ್ಬಿಸುತ್ತದೆ, ಅಷ್ಟೇ. ಭಾರ ಹೊರುವುದು ಹೊಸ ವೈರು. ಬಲ್ಬಿಗೆ ಬಂದ ಕರೆಂಟು ಬ್ಯಾಟರಿಗೆ ಹಿಂದಿರುಗಬೇಕಲ್ಲ, ಆ ದಾರಿ ಕಾರಿನ ತಗಡೇ. ವೈರನ್ನು ಆ ತಗಡಿಗೆ ಕಚ್ಚಿಸುವುದು ಅರ್ತ್ ಬೋಲ್ಟು. ಅದು ಸಡಿಲವಾದರೆ ಉಳಿದದ್ದೆಲ್ಲ ಚಿನ್ನದಲ್ಲಿ ಮಾಡಿದ್ದಾದರೂ ಲೈಟು ಉರಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ಮೊದಲು ತಿನ್ನುವುದು ಇದನ್ನೇ. ಮೀನಿನ ಟೆಂಪೋಗಳದ್ದಂತೂ ಕೇಳಬೇಡಿ. ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಮೆತ್ತಬೇಕು.

ನನಗೆ ಇದನ್ನು ಕಲಿಸಿದವರು ಉಡುಪಿಯ ಹಸನಬ್ಬ ಬ್ಯಾರಿ. ಮಾತು ಕಡಿಮೆ, ಕೋಪ ಜಾಸ್ತಿ. ಕಲಿಯುವ ಕಾಲದಲ್ಲಿ ಕಾರ್ಕಳದ ಕಲ್ಲು ಕಂಟ್ರಾಕ್ಟರರೊಬ್ಬರ ಕಾರಿಗೆ ರಿಲೇ ಇಲ್ಲದೆ ನೂರು ವಾಟಿನ ಬಲ್ಬು ಹಾಕಿ ಕಳುಹಿಸಿದೆ. ಬೈಲೂರು ದಾಟುವಾಗ ಅವರ ಸ್ವಿಚ್ಚು ಕರಗಿ, ಸ್ಟೇರಿಂಗಿನ ಕೆಳಗಿಂದ ಹೊಗೆ ಬಂತು. ಮಾರನೆಯ ದಿನ ಅವರು ಬಂದು ಬೈಯುವಾಗ ಹಸನಬ್ಬ ನನ್ನನ್ನು ಹಿಂದೆ ನಿಲ್ಲಿಸಿ, "ತಪ್ಪು ನನ್ನದು ಧಣಿ" ಎಂದರು. ಅವರು ಹೋದ ಮೇಲೆ ಕರಗಿದ ಸ್ವಿಚ್ಚನ್ನು ನನ್ನ ಕೈಯಲ್ಲಿಟ್ಟು ಹೇಳಿದರು: "ಕಸ್ಟಮರ್ ಬಾಯಿಗೆ ಬಂದದ್ದು ಹೇಳುತ್ತಾನೆ. ಮೀಟರ್ ಹಾಗೆ ಹೇಳುವುದಿಲ್ಲ. ಮೀಟರ್ ಕೇಳು." ಆ ಮಾತನ್ನು ನಾನು ವೇದದಂತೆ ಪಾಲಿಸಿದೆ. ಅದು ಎಲ್ಲಿಯವರೆಗೆ ಸರಿ ಎಂದು ಕೇಳಬೇಕಾದ ಕಾಲಕ್ಕೆ ಅವರು ಬದುಕಿರಲಿಲ್ಲ.

ಕಟಪಾಡಿಯಲ್ಲಿ ಅಂಗಡಿ ಇಟ್ಟಾಗ ಎದುರಿಗೆ ಒಂದು ಗೋಡೌನಿನ ಗೋಡೆ ಇತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದೆ. ಲೈಟು ಬಿದ್ದಾಗ ಡಿಮ್ಮಿನ ಅಂಚು ಕೆಳಗಿನ ಗೆರೆಗೆ ಮುಟ್ಟಬೇಕು. ಯಾರೇ ಬಂದು "ಲೈಟ್ ಡಲ್" ಎಂದರೂ ಮೊದಲು ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದೆ. ನಂದಿಕೂರಿನ ಕಲ್ಲಿದ್ದಲು ಘಟಕದ ಕಡೆಯಿಂದ ಬರುವ ಲಾರಿಗಳದ್ದು ಅರ್ಧ ಅಲ್ಲಿಗೇ ಸರಿಯಾಗುತ್ತಿತ್ತು, ಗಾಜಿನ ಮೇಲೆ ಅಷ್ಟು ಕಪ್ಪು ಧೂಳು. ಆಮೇಲೆ ಮೀಟರು. ಆಮೇಲೆ ಗೋಡೆ. ಅಂಗಡಿಯ ಮೆಟ್ಟಿಲ ಬದಿಯಲ್ಲಿ ಉದ್ಯಾವರದ ಗುಲಾಬಿ ಮೀನು ಮಾರುತ್ತಿದ್ದಳು. ಬೆಳಗ್ಗೆ ಬೇಗ ಮಲ್ಪೆಗೆ ಹೋಗಿ ಮೀನು ತಂದು, ಒಂಬತ್ತಕ್ಕೆಲ್ಲ ಬುಟ್ಟಿ ಇಳಿಸುತ್ತಿದ್ದಳು. ನಾನು ಗೋಡೆಗೆ ಲೈಟು ಹಾಯಿಸಿದಾಗಲೆಲ್ಲ, "ಸಾಕು ಮಾರಾಯ, ನಿನ್ನ ಲೈಟಿಗೆ ನನ್ನ ಬಂಗುಡೆ ಬೆಂದು ಹೋಗುತ್ತದೆ" ಎನ್ನುತ್ತಿದ್ದಳು. ನಾವೆಲ್ಲ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಫೆಲಿಕ್ಸ್ ಪೊರ್ಬುಗಳು ಶಂಕರಪುರದವರು. ಕ್ರಿಶ್ಚಿಯನ್ ಗಂಡಸರನ್ನು ನಾವು ಪೊರ್ಬುಲೇ ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು. ಮೂವತ್ತು ವರ್ಷ ಗಲ್ಫಿನಲ್ಲಿ ದೊಡ್ಡ ಟ್ರೇಲರ್ ಓಡಿಸಿ ಬಂದವರು. ಊರಿಗೆ ಬಂದ ಮೇಲೆ ಒಂದು ಹಳೆಯ, ದುಂಡು ಲೈಟಿನ ಡೀಸೆಲ್ ಕಾರನ್ನು ತೆಗೆದುಕೊಂಡು ಮಗುವಿನ ಹಾಗೆ ನೋಡಿಕೊಂಡರು. ಅವರ ಹೆಂಡತಿ ಐರಿನ್ ಬಾಯಮ್ಮನ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸಿಕ್ಕಿದ್ದು ಬೆಳಗಿನ ಮೊದಲ ಸರದಿ, ಆದ್ದರಿಂದ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕಾಗಿತ್ತು. "ನನ್ನ ಹೆಂಡತಿಯನ್ನು ನಾನೇ ಕರೆದುಕೊಂಡು ಹೋಗುವುದು ವಾಸು. ಬೇರೆಯವರ ಡ್ರೈವಿಂಗ್ ನನಗೆ ಆಗುವುದಿಲ್ಲ" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೂ ಅವರ ಮೇಲೆ ಅಭಿಮಾನ. ಗಾಡಿಯ ಶಬ್ದ ಕೇಳಿಯೇ ಕಾಯಿಲೆ ಹೇಳುವ ಮನುಷ್ಯ.

ಮೊದಲ ಸಲ ಅವರು "ಲೈಟ್ ಡಲ್" ಎಂದು ಬಂದಾಗ ನಿಜಕ್ಕೂ ಡಲ್ ಇತ್ತು. ಬಲ್ಬಿನ ಹತ್ತಿರ ಹತ್ತೂವರೆ ವೋಲ್ಟು. ರಿಲೇ ಹಾಕಿ, ಹೊಸ ವೈರು ಎಳೆದು, ಅರ್ತಿಗೆ ಹೊಸ ಬೋಲ್ಟು ಕೊಟ್ಟೆ. ಹದಿಮೂರೂವರೆ ಬಂತು. ಗೋಡೆಯ ಮೇಲೆ ಬೆಳಕು ಹಾಲು ಚೆಲ್ಲಿದ ಹಾಗೆ. ಪೊರ್ಬುಗಳು ಖುಷಿಯಲ್ಲಿ ಮನೆಯ ಮಲ್ಲಿಗೆ ಒಂದು ಚೆಂಡು ಕೊಟ್ಟು ಹೋದರು. ನಾಲ್ಕು ತಿಂಗಳಿಗೆ ಮತ್ತೆ ಬಂದರು. "ಡಲ್." ಮೀಟರ್ ಇಟ್ಟೆ, ಅದೇ ಹದಿಮೂರೂವರೆ. ಗೋಡೆಗೆ ಹಾಯಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಮಧ್ಯ ಸರಿ ಉಂಟು. ಬದಿ ಕತ್ತಲೆ" ಎಂದರು. ಬದಿಯಲ್ಲಿ ಕತ್ತಲೆ ಇರಲಿಲ್ಲ. ನನಗೂ ಗುಲಾಬಿಗೂ ಗೋಡೆ ತುದಿಯಿಂದ ತುದಿಗೆ ಕಾಣುತ್ತಿತ್ತು. ಆದರೂ ಜಾಸ್ತಿ ವಾಟಿನ ಬಲ್ಬು ಹಾಕಿ, ಲೈಟುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಕಳುಹಿಸಿದೆ. ಗಲ್ಫಿನ ದೊಡ್ಡ ದೀಪಗಳನ್ನು ಕಂಡ ಕಣ್ಣು, ಇಲ್ಲಿಯದ್ದು ಸಾಲುವುದಿಲ್ಲ ಎಂದುಕೊಂಡೆ. ಅಷ್ಟು ದಡ್ಡ ನಾನು.

ಮೂರನೆಯ ಸಲ ಬಂದಾಗ, "ನಿಂತಾಗ ಸರಿ ಇರುತ್ತದೆ ವಾಸು, ಓಡುವಾಗ ಇಳಿಯುತ್ತದೆ" ಎಂದರು. ಅದು ನಿಜ ಇರಬಹುದಾದ ದೂರು. ಹಾಗಾಗಿ ಬಲ್ಬಿನಿಂದ ಉದ್ದ ವೈರು ಎಳೆದು ಮೀಟರನ್ನು ಹಿಂದಿನ ಸೀಟಿಗೆ ತಂದೆ. ಡಯಾಲಿಸಿಸ್ಸಿನ ದಿನ ಅವರ ಜೊತೆ ನಾನೂ ಹೊರಟೆ. ಮುಂದಿನ ಸೀಟಿನಲ್ಲಿ ಬಾಯಮ್ಮ, ಕೈಯಲ್ಲಿ ಜಪಸರ. ಕಟಪಾಡಿ ಬಿಟ್ಟು ಹೈವೇಗೆ ಏರಿದ ಕೂಡಲೇ ಅವರು ಕೊಂಕಣಿಯಲ್ಲಿ ಮೆಲ್ಲಗೆ ಮಾತಾಡಲು ಸುರು ಮಾಡಿದರು. ಮೊದಲು ಪ್ರಾರ್ಥನೆ ಎಂದುಕೊಂಡೆ. ನನಗೆ ಕೊಂಕಣಿ ಅರ್ಥವಾಗುತ್ತದೆ. ಪ್ರಾರ್ಥನೆ ಆಗಿರಲಿಲ್ಲ.

"ಎಡಕ್ಕೆ ಸೈಕಲ್. ದಾಟಿತು. ಮುಂದೆ ಹಂಪ್. ಬಲಕ್ಕೆ ಬಸ್ ಬರ್ತಾ ಉಂಟು, ನಿಧಾನ. ಎಡಕ್ಕೆ ಇಬ್ಬರು ಹೆಂಗಸರು ನಿಂತಿದ್ದಾರೆ. ಈಗ ಖಾಲಿ."

ಹಾಗೆಯೇ ಉದ್ಯಾವರ, ಕಲ್ಸಂಕ, ಇಂದ್ರಾಳಿಯ ಸೇತುವೆ. ಒಂದು ದನ, ಒಂದು ಹೊಂಡವನ್ನೂ ಅವರು ಬಿಡಲಿಲ್ಲ. ಸ್ವರ ಏರಲಿಲ್ಲ, ಇಳಿಯಲಿಲ್ಲ. ಪೊರ್ಬುಗಳು ಒಂದು ಸಲವೂ "ಗೊತ್ತುಂಟು, ಸುಮ್ಮನಿರು" ಎನ್ನಲಿಲ್ಲ. ಗಂಡ ಗಾಡಿ ಓಡಿಸುವಾಗ ಹೆಂಡತಿ ಹೀಗೆ ಬಾಯಿ ಹಾಕಿದರೆ ಯಾವ ಗಂಡ ಸುಮ್ಮನಿರುತ್ತಾನೆ? ನನ್ನ ಮೀಟರು ಹದಿಮೂರು ಪಾಯಿಂಟ್ ನಾಲ್ಕರಿಂದ ಅಲ್ಲಾಡಲಿಲ್ಲ. ನಾನು ಮೀಟರು ನೋಡುವುದನ್ನು ಬಿಟ್ಟು ಅವರಿಬ್ಬರ ತಲೆಯನ್ನೇ ನೋಡುತ್ತಾ ಕೂತೆ. ಮಣಿಪಾಲದಲ್ಲಿ ಗಾಡಿ ನಿಂತಾಗ ಬಾಯಮ್ಮ ಹಿಂದೆ ತಿರುಗಿ ಕೇಳಿದರು.

"ಮೀಟರ್ ಎಂತ ಹೇಳುತ್ತದೆ ವಾಸಣ್ಣ?"

"ಸರಿ ಉಂಟು ಬಾಯಮ್ಮ."

"ಸರಿ ಉಂಟಾದರೆ ಸಾಕು" ಎಂದು ಇಳಿದರು. ನನಗೆ ಗೊತ್ತಾಯಿತು ಎಂಬುದು ಅವರಿಗೂ ಗೊತ್ತಾಯಿತು.

ಆ ದಿನವೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಟ್ರೇಲರ್ ಓಡಿಸಿದ ಮನುಷ್ಯನಿಗೆ "ನಿಮಗೆ ಕಣ್ಣು ಕಾಣುವುದಿಲ್ಲ" ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಮುಂದಿನ ವಾರ ಪೊರ್ಬುಗಳು ಎಲ್‌ಇಡಿ ಹಾಕು ಎಂದರು. ಹಾಕಿದೆ. ಎದುರಿನಿಂದ ಬರುವವನ ಕಣ್ಣು ಕುಕ್ಕುವಂಥ ಬಿಳಿ ಬೆಳಕು. ಗುಲಾಬಿ ಸೆರಗು ಅಡ್ಡ ಹಿಡಿದು, "ಇದು ಲೈಟಾ, ಸಿಡಿಲಾ?" ಎಂದು ಕೇಳಿದಳು. ಕೆಲಸ ಚೆನ್ನಾಗಿ ಬಂದಿದೆ ಎಂದು ನಾನು ನಕ್ಕೆ.

ಸುಮಾರು ಎರಡು ತಿಂಗಳ ಬಳಿಕ ಬಾಯಮ್ಮನಿಗೆ ಜ್ವರ ಬಂದು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಪೊರ್ಬುಗಳು ಮನೆಗೆ ಬಂದು ಮಲಗಿ, ಬೆಳಗಿನ ಜಾವ ಗಂಜಿಯ ಫ್ಲಾಸ್ಕ್ ಹಿಡಿದು ಒಬ್ಬರೇ ಹೊರಟರು. ಪಕ್ಕದ ಸೀಟಿನಲ್ಲಿ ಹೇಳುವವರು ಯಾರೂ ಇರಲಿಲ್ಲ. ಉದ್ಯಾವರದಲ್ಲಿ ಮಲ್ಪೆಯ ಟೆಂಪೋ ಹಿಡಿಯಲು ಗುಲಾಬಿ ಎಡಗಡೆಯಿಂದ ರಸ್ತೆ ದಾಟುತ್ತಿದ್ದಳು. ಕಾರು ಬ್ರೇಕ್ ಕೂಡ ಹಾಕದೆ ಅವಳಿಗೆ ಬಡಿಯಿತು. ಜೀವ ಉಳಿಯಿತು. ಸೊಂಟದ ಕೆಳಗೆ ಬಲಗಾಲು ಪುಡಿಯಾಯಿತು.

ಮಧ್ಯಾಹ್ನ ಬಾಯಮ್ಮನ ಫೋನು ಬಂತು. ಮಂಚದಿಂದಲೇ ಮಾತಾಡುತ್ತಿದ್ದರು.

"ವಾಸಣ್ಣ, ಲೈಟು ಆರಿಹೋಯಿತು ಅಂತ ಆಗುವುದಿಲ್ಲವಾ?"

ನಾನು ಅಂಗಡಿಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಗಾಡಿಯ ತಪ್ಪು ಅಂತ ಆದರೆ ಅವರು ಉಳಿದಾರು. ಕಣ್ಣಿನದ್ದು ಅಂತ ಹೊರಗೆ ಬಂದರೆ ಈ ವಯಸ್ಸಿನಲ್ಲಿ ಅವರನ್ನು ಒಳಗೆ ಹಾಕುತ್ತಾರೆ. ನನಗೆ ಇರುವುದು ಅವರೊಬ್ಬರೇ. ನಿಮಗೂ ಗೊತ್ತಿತ್ತಲ್ಲ ವಾಸಣ್ಣ."

ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ಅವರು ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಮಾರನೆಯ ಬೆಳಗ್ಗೆ ಸ್ಟೇಷನ್ನಿನಿಂದ ಕಾನ್‌ಸ್ಟೇಬಲ್ ಕರೆದರು. ಗಾಡಿ ತಪಾಸಣೆಗೆ ಆರ್‌ಟಿಒ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರ್ ಬರುತ್ತಾರೆ, ಬ್ಯಾಟರಿ ಇಳಿದಿದೆ, ಒಂದು ಬ್ಯಾಟರಿ ತಂದು ಜೋಡಿಸಿ ಎಂದರು. ಇಂಥ ಕೆಲಸಕ್ಕೆ ನನ್ನನ್ನು ಕರೆಯುವುದು ಹೊಸದೇನಲ್ಲ.

ಸ್ಟೇಷನ್ನಿನ ಕಾಂಪೌಂಡಿನ ಬದಿಯಲ್ಲಿ ಕಾರು ನಿಂತಿತ್ತು. ಎಡಗಡೆಯ ಲೈಟು ಒಡೆದಿತ್ತು, ಬಲಗಡೆಯದ್ದು ಹಾಗೇ ಇತ್ತು. ಬಂಪರಿನ ಸಂದಿಯಲ್ಲಿ ಮೀನಿನ ಬುಟ್ಟಿಯ ಬೆತ್ತದ ಚೂರು. ನನ್ನ ಬ್ಯಾಟರಿ ಜೋಡಿಸಿ ಸ್ವಿಚ್ಚು ಹಾಕಿದೆ. ಹತ್ತು ಗಂಟೆಯ ಬಿಸಿಲಿನಲ್ಲೂ ಆ ಬೆಳಕು ಕಾಂಪೌಂಡಿನ ಗೋಡೆಯ ಮೇಲೆ ಬಿದ್ದದ್ದು ಕಂಡಿತು. ಅಷ್ಟು ಒಳ್ಳೆಯ ಕೆಲಸ ನನ್ನದು. ಸ್ವಿಚ್ಚು ಆರಿಸಿದೆ. ಕಾನ್‌ಸ್ಟೇಬಲ್ ಚಾ ಕುಡಿಯಲು ಹೋಗಿದ್ದರು. ಹತ್ತನೆಯ ನಂಬರಿನ ಸ್ಪ್ಯಾನರ್ ಜೇಬಿನಲ್ಲೇ ಇತ್ತು. ಎರಡು ಸುತ್ತು ಸಾಕಾಯಿತು. ವೈರು ಬೋಲ್ಟಿನ ಕೆಳಗೆ ತೂಗಾಡುವ ಹಾಗೆ ಮಾಡಿ, ಗ್ರೀಸಿನ ಮೇಲೆ ಒಂದು ಚಿಟಿಕೆ ಮಣ್ಣು ಸವರಿದೆ. ನಾನು ಮಾಡಿದ ಕೆಲಸ ನಾನೇ ಗುರುತು ಹಿಡಿಯದ ಹಾಗೆ ಕಂಡಿತು.

ಇನ್ಸ್‌ಪೆಕ್ಟರ್ ಬಂದು ಸ್ವಿಚ್ಚು ಹಾಕಿದರು. ಉರಿಯಲಿಲ್ಲ. ಬಾನೆಟ್ ಎತ್ತಿ ನೋಡಿ, ವೈರನ್ನು ಬೆರಳಿನಿಂದ ಆಡಿಸಿದರು. ಲೈಟು ಮಿಣುಕಿ ಆರಿತು.

"ಇದು ಯಾರು ಮಾಡಿದ ವೈರಿಂಗ್?"

"ನಾನೇ ಸಾರ್."

"ಎಷ್ಟು ವರ್ಷದ ಅನುಭವ ನಿಮ್ಮದು? ಅರ್ತ್ ಬಿಗಿಯಲಿಕ್ಕೆ ಬರುವುದಿಲ್ಲವಾ?"

ನಾನು ತಲೆ ತಗ್ಗಿಸಿದೆ. ಚಲಿಸುವಾಗ ಲೈಟು ಆರಿತು ಎಂದು ಅವರು ಬರೆದುಕೊಂಡರು. ಅವರ ತಪ್ಪು ಏನೂ ಇಲ್ಲ, ಕಣ್ಣಿಗೆ ಕಂಡದ್ದನ್ನು ಬರೆದರು. ಕೇಸು ಸಣ್ಣದರಲ್ಲಿ ಮುಗಿಯಿತು. ವಾಸು ಹಾಕಿದ ಲೈಟು ದಾರಿಯಲ್ಲಿ ಆರುತ್ತದೆ ಎಂಬ ಮಾತು ಕಾಪುವಿನವರೆಗೆ ಹರಡಿ, ಹಳೆಯ ಗಿರಾಕಿಗಳು ಕೆಲವರು ಬೇರೆ ಕಡೆಗೆ ಹೋದರು. ಒಬ್ಬ ಗೆಳೆಯನಿಗಾಗಿ ನನ್ನ ಹೆಸರು ಕೊಟ್ಟೆ ಎಂದು ನಾನು ಒಳಗೊಳಗೆ ದೊಡ್ಡವನಾದೆ. ಆ ಸಮಾಧಾನ ಮೂರು ವಾರ ಬಾಳಿತು.

ಮೂರು ವಾರದ ನಂತರ ಗುಲಾಬಿಯನ್ನು ನೋಡಲು ಉದ್ಯಾವರಕ್ಕೆ ಹೋದೆ. ಕಾಲಿಗೆ ರಾಡು ಹಾಕಿ ಮನೆಗೆ ಕಳುಹಿಸಿದ್ದರು. ಮಗಳು ಸುಜಾತ ಬಾಗಿಲಲ್ಲೇ, "ಅಮ್ಮನಿಗೆ ಆ ದಿನದ್ದು ಸರಿಯಾಗಿ ನೆನಪಿಲ್ಲ, ಏನೇನೋ ಹೇಳುತ್ತಾರೆ" ಎಂದು ಎಚ್ಚರಿಸಿದಳು. ಗುಲಾಬಿ ಗೋಡೆಗೆ ಒರಗಿ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ವಾಸಣ್ಣ, ನೀನಾದರೂ ಹೇಳು. ಲೈಟು ಇರಲಿಲ್ಲ ಅಂತ ಬರೆದಿದ್ದಾರಂತೆ. ಇತ್ತು ಅಂತ ನಾನು ಹೇಳಿದೆ. ಪೆಟ್ಟು ಬಿದ್ದ ಗಾಬರಿಯಲ್ಲಿ ನಿಮಗೆ ಹಾಗೆ ಅನಿಸಿರಬೇಕು ಅಂದರು ಪೊಲೀಸರು. ನನಗೆ ಪೆಟ್ಟು ಬಿದ್ದದ್ದು ಕಾಲಿಗೆ. ಲೈಟು ನಾನು ದೂರದಿಂದಲೇ ನೋಡಿದೆ. ಬಿಳಿ. ನಿನ್ನ ಅಂಗಡಿಯದ್ದೇ ಅಂತ ಗುರುತು ಸಿಕ್ಕಿತು. ಇಷ್ಟು ಬೆಳಕಿನಲ್ಲಿ ಅವರಿಗೆ ನಾನು ಕಾಣದೆ ಇರುತ್ತೇನಾ ಅಂತ ದಾಟಿದೆ."

"ನನಗೆ ಗೊತ್ತಿಲ್ಲ ಗುಲಾಬಿ" ಎಂದೆ. ಬೋಲ್ಟು ಸಡಿಲ ಮಾಡಿದ್ದಕ್ಕಿಂತ ದೊಡ್ಡ ಪಾಪ ಆ ಮಾತು. ಅವಳು ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡು, "ಹಾಗಾದರೆ ನನ್ನದೇ ತಪ್ಪಿರಬೇಕು" ಎಂದಳು. ಪೊರ್ಬುಗಳಿಗಾಗಿ ನನ್ನ ಹೆಸರು ಕೊಟ್ಟೆ ಎಂದುಕೊಂಡಿದ್ದೆನಲ್ಲ, ನಾನು ಕೊಟ್ಟದ್ದು ಅವಳ ಹೆಸರನ್ನು.

ಮರುದಿನ ಪೊರ್ಬುಗಳು ಅಂಗಡಿಗೆ ಬಂದರು. ರಿಪೇರಿ ಮುಗಿದು ಕಾರು ಅಲ್ಲೇ ನಿಂತಿತ್ತು. ಬಾಯಮ್ಮನ ಡಯಾಲಿಸಿಸ್ಸಿಗೆ ಮತ್ತೆ ಅದನ್ನೇ ಒಯ್ಯುವ ಯೋಚನೆ ಅವರದ್ದು. ನಾನು ಕೀ ಕೊಡಲಿಲ್ಲ.

"ಪೊರ್ಬುಲೇ, ಎದುರಿನ ಗೋಡೆಯ ಕೆಂಪು ಗೆರೆ ನೋಡುತ್ತಾ ನಿಲ್ಲಿ. ತಲೆ ತಿರುಗಿಸಬೇಡಿ. ನನ್ನ ಕೈಯಲ್ಲಿ ಎಂತ ಉಂಟು?"

ಅವರ ಎಡಬದಿಯಲ್ಲಿ ಒಂದು ತೋಳಿನಷ್ಟು ದೂರದಲ್ಲಿ ರಿಲೇ ಹಿಡಿದುಕೊಂಡಿದ್ದೆ. ಅವರು ಗೆರೆ ನೋಡುತ್ತಲೇ ಇದ್ದರು.

"ನಿನ್ನ ಕೈ ಎಲ್ಲಿ ಉಂಟು ವಾಸು?" ಎಂದು ಕೇಳಿದರು.

ನಾನು ಕೈ ಇಳಿಸಿದೆ. ಅವರು ಮೆಟ್ಟಿಲ ಮೇಲೆ, ಗುಲಾಬಿಯ ಬುಟ್ಟಿ ಇರುತ್ತಿದ್ದ ಜಾಗದಲ್ಲೇ ಕೂತರು. ಮೂರು ವರ್ಷದಿಂದ ಬದಿಯದ್ದು ಕಾಣುವುದಿಲ್ಲ, ಗಾಡಿ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು ಎಂದರು. ಬೋಲ್ಟು ಸಡಿಲ ಮಾಡಿದವನು ನಾನು ಎಂದು ಹೇಳಿದೆ. "ಐರಿನ್ ಇರುವಷ್ಟು ದಿನ ಬೇಡ. ಆಮೇಲೆ ಇಬ್ಬರೂ ಸ್ಟೇಷನ್ನಿಗೆ ಹೋಗಿ ಹೇಳುವ" ಎಂದರು. ನಾನು ಒಪ್ಪಿದೆ. ಕರುಣೆಯಿಂದ ಒಪ್ಪಿದೆ ಎಂದು ಬರೆಯಬಹುದು, ಆದರೆ ಹೆದರಿಕೆಯಿಂದ.

ಅಲ್ಲಿಂದ ವಾರಕ್ಕೆ ಎರಡು ದಿನ ಕಾರು ಓಡಿಸಿದವನು ನಾನು. ಮುಂದೆ ಬಾಯಮ್ಮ, ಹಿಂದೆ ಪೊರ್ಬುಗಳು. ಎಡಕ್ಕೆ ಸೈಕಲ್, ಮುಂದೆ ಹಂಪ್ ಎಂದು ಬಾಯಮ್ಮ ಅಭ್ಯಾಸದಿಂದ ಹೇಳುತ್ತಲೇ ಇದ್ದರು. ನನಗೆ ಕಾಣುತ್ತದೆ ಎಂದು ನಾನು ಹೇಳಲಿಲ್ಲ. ಉದ್ಯಾವರದ ಆ ಜಾಗಕ್ಕೆ ಬಂದಾಗ ಮಾತ್ರ ಅವರು ಸುಮ್ಮನಾಗುತ್ತಿದ್ದರು. ಒಂದೂವರೆ ವರ್ಷದ ಬಳಿಕ ಬಾಯಮ್ಮ ತೀರಿಕೊಂಡರು. ಹೋಗಿ ಹೇಳುವ ಎಂದಿದ್ದ ಪೊರ್ಬುಗಳು ಆ ದುಃಖದಿಂದ ಏಳಲೇ ಇಲ್ಲ, ವರ್ಷ ತುಂಬುವ ಮೊದಲು ಅವರೂ ಹೋದರು. ಆಮೇಲೆ ನನ್ನ ನೆಪಕ್ಕೆ ಯಾರೂ ಉಳಿಯಲಿಲ್ಲ. ಆದರೂ ನಾನು ಹೋಗಲಿಲ್ಲ.

ಅಂಗಡಿ ಮುಚ್ಚುವವರೆಗೆ "ಡಲ್" ಎಂದು ಬಂದವರನ್ನೆಲ್ಲ ಆ ಗೆರೆಯ ಎದುರು ನಿಲ್ಲಿಸಿ ಬದಿಯಲ್ಲಿ ರಿಲೇ ಹಿಡಿದು ತೋರಿಸುತ್ತಿದ್ದೆ. ಕೆಲವರಿಗೆ ಸಿಟ್ಟು ಬಂತು. "ನೀನೇನು ಡಾಕ್ಟರಾ?" ಎಂದು ಗಾಡಿ ತಿರುಗಿಸಿ ಹೋದವರೂ ಇದ್ದಾರೆ. ನಾಲ್ಕೈದು ಜನ ಕಣ್ಣಿನ ಆಸ್ಪತ್ರೆಗೆ ಹೋದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೇ: ಗಾಜು ಒರೆಸಿ, ಮೀಟರ್ ಇಡಿ, ಅರ್ತ್ ಬಿಗಿಯಿರಿ. ಎಲ್ಲವೂ ಸರಿ ಇದ್ದು ಗಿರಾಕಿ ಮತ್ತೂ ಡಲ್ ಎಂದರೆ ಇನ್ನೊಂದು ಬಲ್ಬು ಮಾರಬೇಡಿ. ಅವನ ಮುಖಕ್ಕೆ ಹೇಳಿ, ಎಷ್ಟು ದೊಡ್ಡ ಮನುಷ್ಯನಾದರೂ.

ಇಲ್ಲಿಯವರೆಗೆ ಬರೆದದ್ದನ್ನು ಮೊನ್ನೆ ಉದ್ಯಾವರಕ್ಕೆ ಒಯ್ದು ಗುಲಾಬಿಗೆ ಓದಿ ಹೇಳಿದೆ. ಅವಳು ಈಗ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾಳೆ, ಅಷ್ಟೇ. ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ ಕೇಳಿದಳು. ಸ್ಪ್ಯಾನರಿನ ಜಾಗ ಬಂದಾಗ ಅವಳ ಕೈ ನಿಂತಿತು. ಓದಿ ಮುಗಿಸಿ ಕಾಗದ ಮಡಚಿದೆ. ಬೈಗುಳಕ್ಕೆ, ಪೊಲೀಸಿಗೆ, ಎಲ್ಲದಕ್ಕೂ ಸಿದ್ಧನಾಗಿಯೇ ಹೋಗಿದ್ದೆ. ಅವಳು ಕಾಲಿನ ವಿಷಯ ಎತ್ತಲೇ ಇಲ್ಲ.

"ಲೈಟು ಇತ್ತು ಅಂತ ಎಲ್ಲಿ ಬರೆದಿದ್ದೀಯ, ಅಲ್ಲಿ ಇನ್ನೊಮ್ಮೆ ಓದು" ಎಂದಳು.

ಬಿಸಿಲಿನಲ್ಲೂ ಬೆಳಕು ಗೋಡೆಯ ಮೇಲೆ ಬಿದ್ದದ್ದು ಕಂಡಿತು ಎಂಬ ಸಾಲನ್ನು ಓದಿದೆ.

"ನಿಲ್ಲು" ಎಂದು, ಕೋಲಿನಿಂದ ನೆಲ ಕುಟ್ಟಿ ಅಡುಗೆಕೋಣೆಯ ಕಡೆ ತಿರುಗಿದಳು. "ಸುಜಾತ, ಒಲೆ ಸಣ್ಣ ಮಾಡಿ ಇಲ್ಲಿ ಬಾ. ವಾಸಣ್ಣ ಒಂದು ಓದುತ್ತಾನೆ, ನೀನೂ ಕೇಳು."